ಬೇರಿಗೆ ಬೆಲೆ, ಹೂವಿಗಿಲ್ಲ ನೆಲೆ

ಮಳೆ ಹಿಂದೆ ಸರಿಯುತ್ತಿದ್ದಂತೆ ಮಲೆನಾಡಿನ ಬೇಣ, ಗೋಮಾಳ, ರಸ್ತೆಯಂಚುಗಳಲ್ಲಿ ದಾಸವಾಳದ ಕುಟುಂಬಕ್ಕೆ ಸೇರಿದ ಪುಟ್ಟ ಹಳದಿ ಹೂಗಳು ಅರಳುತ್ತವೆ. ರಸ್ತೆ ಗುತ್ತಿಗೆದಾರನಿಗೆ ಇವೆಲ್ಲ ಕಳೆ. ಗಿಡಮೂಲಿಕೆ ವ್ಯಾಪಾರಿಗೆ ಇವೆಲ್ಲ ‘ಬಲಾ’. ಇವೆರಡೂ ಒಂದೇ ಅಜ್ಞಾನದ ಎರಡು ಮುಖಗಳು.

ಆಯುರ್ವೇದದ ಅಧಿಕೃತ ಔಷಧಕೋಶವು ‘ಬಲಾ’ ಎಂದು ಹೇಳುವುದು ಸೈಡಾ ಕಾರ್ಡಿಫೋಲಿಯಾ, ಅರ್ಥಾತ್ ಹೆತ್ತುತ್ತಿಯನ್ನು. ಅದರ ಗುರುತು ಕಠಿಣವೇನಲ್ಲ. ಹೃದಯಾಕಾರದ ಎಲೆ, ಮೈತುಂಬ ಮಖಮಲ್ಲಿನಂಥ ರೋಮ, ಐದೆಸಳಿನ ಹೂವಿನ ನಡುವೆ ಕೇಸರಗಳೆಲ್ಲ ಕೂಡಿ ನಿಂತ ಕಂಬ, ಒಣಗಿದಾಗ ಹೋಳಾಗಿ ಬಿಡಿಸಿಕೊಳ್ಳುವ ಕಾಯಿ, ಪ್ರತಿ ಹೋಳಿನ ನೆತ್ತಿಯಲ್ಲಿ ಎರಡು ನೀಳ ಮುಳ್ಳು. ಸೈಡಾ ಅಕ್ಯೂಟಾದ ಎಲೆ ಈಟಿಯಂತೆ ಚೂಪು. ಸೈಡಾ ರಾಂಬಿಫೋಲಿಯಾದ್ದು ವಜ್ರಾಕೃತಿ. ‘ಅತಿಬಲಾ’ ಎನಿಸಿದ ಶ್ರೀಮುದ್ರೆಗೆ ಚಕ್ರದಂತೆ ಜೋಡಿಸಿದ ಹಲವು ಹೋಳುಗಳ ಕಾಯಿ.

ಆದರೆ ವ್ಯಾಪಾರ ಕೊಳ್ಳುವುದು ಬೇರನ್ನು. ಗುರುತು ಹೇಳುವ ಎಲೆ, ಹೂ, ಕಾಯಿಗಳು ಕಿತ್ತ ಜಾಗದಲ್ಲೇ ಬೀಳುತ್ತವೆ. ಚೀಲ ಸೇರುವುದು ಮೂಕ ಬೇರು ಮಾತ್ರ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾರುಕಟ್ಟೆಯಲ್ಲಿ ಈ ಹೆಸರಿನಿಂದ ಮಾರಾಟವಾಗುತ್ತಿದ್ದ ಮಾದರಿಗಳ ಡಿಎನ್‌ಎ ಪರೀಕ್ಷಿಸಿದಾಗ ಅವುಗಳಲ್ಲಿ ಒಂದೂ ಅಸಲಿ ಹೆತ್ತುತ್ತಿಯಾಗಿರಲಿಲ್ಲ. ಬಹುಪಾಲು ಅದೇ ಕುಲದ ಬೇರೆ ಗಿಡಗಳು. ಉಳಿದವು ಬೇರೆ ಕುಲಗಳವು.

ಶಾಸ್ತ್ರದಲ್ಲೇ ಪ್ರತಿನಿಧಿ ದ್ರವ್ಯಕ್ಕೆ ಅವಕಾಶವಿದೆಯೆಂದು ಸಮರ್ಥಿಸುವವರಿದ್ದಾರೆ. ಯಾವುದಕ್ಕೆ ಯಾವುದು ಪ್ರತಿನಿಧಿಯೆಂದು ಅರಿತು ಬಳಸಿದರೆ ಅದು ಶಾಸ್ತ್ರ; ಅರಿಯದೆ ಬೆರೆಸಿದರೆ ಕಲಬೆರಕೆ. ಹೆತ್ತುತ್ತಿಯಲ್ಲಿ ರಕ್ತದೊತ್ತಡವನ್ನು ಏರಿಸಬಲ್ಲ ಎಫಿಡ್ರಿನ್ ಇರುವುದು ವರದಿಯಾಗಿದೆ. ಇಂಥ ಗಿಡದ ವಿಷಯದಲ್ಲಿ ‘ಎಲ್ಲವೂ ಒಂದೇ’ ಎನ್ನುವುದು ರೋಗಿಗೆ ಬಗೆಯುವ ದ್ರೋಹ.

ಬೆಟ್ಟಕ್ಕೆ ಬಗೆಯುವ ದ್ರೋಹವೂ ಇದರಲ್ಲಿದೆ. ಬೇರು ಕಿತ್ತರೆ ಗಿಡವೇ ಇಲ್ಲ. ಬೀಜ ಬಲಿಯುವ ಮೊದಲೇ ಕಿತ್ತರೆ ಮುಂದಿನ ಪೀಳಿಗೆಯೂ ಇಲ್ಲ. ಯಾವ ಗಿಡ ಎಷ್ಟು ಹೋಯಿತೆಂಬ ಲೆಕ್ಕ ಯಾರ ಬಳಿಯೂ ಸಿಗದು, ಹೆಸರಿಲ್ಲದ್ದಕ್ಕೆ ಲೆಕ್ಕವೆಲ್ಲಿಯದು? ತೂಕಕ್ಕೆ ಕೂಲಿ ಪಡೆಯುವ ಬಡ ಸಂಗ್ರಾಹಕರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಗುರುತು ಕೇಳದೆ ತೂಕ ಮಾತ್ರ ಕೇಳುವವನು ಕೊಳ್ಳುವವನೇ.

ಪರಿಹಾರ ಕೈಗೆಟುಕುವಂಥದ್ದು. ಬೀಜ ಉದುರಿದ ಬಳಿಕವಷ್ಟೇ ಕೀಳಬೇಕು. ಪ್ರತಿ ಚೀಲದೊಡನೆ ಎಲೆ, ಹೂ, ಕಾಯಿಯಿರುವ ಒಣ ಮಾದರಿಯೊಂದನ್ನು ಕೊಳ್ಳುವವನು ಕಡ್ಡಾಯವಾಗಿ ಕೇಳಬೇಕು. ಆ ಶ್ರಮಕ್ಕೂ ಬೆಲೆ ಕೊಡಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾಗಬೇಕಾದ ಗ್ರಾಮ ಸಮಿತಿಗಳು ತಮ್ಮ ದಾಖಲೆಯಲ್ಲಿ ‘ಬಲಾ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ, ಒಂದೊಂದು ಗಿಡವನ್ನೂ ಸ್ಥಳೀಯ ಹೆಸರು, ನೆಲೆ, ಹೂ ಬಿಡುವ ಕಾಲದೊಂದಿಗೆ ನಮೂದಿಸಬೇಕು. ಅಲ್ಲಿಯವರೆಗೆ ಚೀಲದ ಮೇಲಿನ ಹೆಸರು ಔಷಧಿಯ ಹೆಸರಲ್ಲ, ಬರಿಯ ವ್ಯಾಪಾರದ ಮುದ್ರೆ.