ಜಿಗಿಹುಳು ಸಮನಾಗಿ ಬರುವುದಿಲ್ಲ, ಸ್ವಾಮಿ

ಕೀಟಗಳ ಏರಿಳಿತಕ್ಕೆ ಗಣಿತ ಮಾದರಿ ಕಟ್ಟುವುದು ಕೆಲಸವಿಲ್ಲದವರ ಕಸುಬು, ಹುಳ ಕಂಡೊಡನೆ ಇಡೀ ಗದ್ದೆಗೆ ಔಷಧ ಹೊಡೆಯುವುದೇ ಜಾಣತನ ಎಂದು ಬರೆದವರು ಕತ್ತಲಗೆರೆ ಕಡೆಯ ಭತ್ತದ ಗದ್ದೆಗೆ ಇಳಿದಂತಿಲ್ಲ. ಭದ್ರಾ ನಾಲೆಯ ಸೀಮೆ ಇದು. ಊರಲ್ಲೇ ಕೃಷಿ ಸಂಶೋಧನಾ ಕೇಂದ್ರವಿದೆ, ಕೇಳಬಹುದಿತ್ತು. ಕಂದು ಜಿಗಿಹುಳು ಬಿದ್ದ ಗದ್ದೆ ಅಲ್ಲಲ್ಲಿ ಗುಂಡಗೆ, ಸುಟ್ಟಂತೆ ಒಣಗುತ್ತದೆ. ಗಿಡ್ಡ ರೆಕ್ಕೆಯ ಹೆಣ್ಣು ಹಾರದು. ಕೂತ ಬುಡದಲ್ಲೇ ಸಂಸಾರ ಬೆಳೆಸುತ್ತದೆ. ಅದನ್ನು ತಿನ್ನುವ ಜೇಡ, ಮಿರಿಡ್ ತಿಗಣೆಗಳೋ ಸುತ್ತಾಡುತ್ತವೆ. ಬಲಿ ನಿಧಾನವಾಗಿ, ಬೇಟೆಗಾರ ಬೇಗ ಹರಡಿದರೆ ಸಮನಾದ ಹಂಚಿಕೆ ತಾನಾಗಿ ಒಡೆದು ಗುಂಪುಗಳಾಗಬಲ್ಲದು ಎಂದು ಸಂಶೋಧಕರಾದ ಸೀಗಲ್ ಮತ್ತು ಜ್ಯಾಕ್ಸನ್ 1972ರಲ್ಲೇ ಸಮೀಕರಣದಲ್ಲಿ ತೋರಿಸಿದರು. ಅದರ ಬುನಾದಿ ಗಣಿತಜ್ಞ ಟ್ಯೂರಿಂಗ್ ಅವರ 1952ರ ಪ್ರಬಂಧ. ಗದ್ದೆಯ ಪ್ರತಿ ಕಲೆಗೂ ಇದೊಂದೇ ಕಾರಣವಲ್ಲ, ಯೂರಿಯಾ ಸುರಿದದ್ದು, ಒತ್ತಾಗಿ ನೆಟ್ಟದ್ದೂ ಸೇರುತ್ತದೆ. ಆದರೆ ಎಲ್ಲೆಡೆ ಹೊಡೆದರೆ ಜೇಡ ಸಾಯುತ್ತದೆ, ಎಲೆಕವಚದೊಳಗಿನ ಜಿಗಿಹುಳುವಿನ ಮೊಟ್ಟೆ ಬಹುಪಾಲು ಉಳಿಯುತ್ತದೆ. ಮುಂದಿನ ಪೀಳಿಗೆಗೆ ಗದ್ದೆಯೇ ಖಾಲಿ. ಇಂಡೋನೇಷ್ಯಾ ಈ ಪೆಟ್ಟು ತಿಂದೇ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. ಲೇಖಕರ ಸಲಹೆ ಔಷಧದ ಅಂಗಡಿಯವರಿಗಂತೂ ಹಿಡಿಸೀತು.