ಗೊಂಬೆಗೆ ಸೀರೆ ಉಡಿಸುವ ವಯಸ್ಸು



ನಲವತ್ತರ ಹತ್ತಿರದ ಗೃಹಿಣಿಯೊಬ್ಬಳು ಬಾರ್ಬಿ ಗೊಂಬೆಗಳನ್ನು ಸಂಗ್ರಹಿಸಿ, ಅವುಗಳಿಗೆ ತಾನೇ ಬಟ್ಟೆ ಹೊಲಿದು, ಸಿಂಗರಿಸಿ ಫೋಟೋ ತೆಗೆಯುತ್ತಾಳೆಂದರೆ ನೀವು ಏನೆನ್ನುವಿರಿ? ಆಕೆ ನನ್ನ ತಮ್ಮನ ಮಗಳು. "ಗೊಂಬಿ ಆಡೂ ವಯಸ್ಸೇನ ಅಕೀದು?" ಎಂದು ನಮ್ಮ ಬಂಧುವರ್ಗದಲ್ಲಿ ಅನೇಕರು ನಕ್ಕಿದ್ದಾರೆ. ನಗುವವರ ಸಾಲಿನಲ್ಲಿ ಒಂದು ಕಾಲಕ್ಕೆ ನಾನೂ ನಿಂತಿದ್ದೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಈಗಿನ ಅಭಿಪ್ರಾಯವನ್ನು ಬರೆಯುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಕಳೆದ ದೀಪಾವಳಿಗೆ ಆಕೆ ಸವಣೂರಿಗೆ ಬಂದಾಗ ಚೀಲದಲ್ಲಿ ನಾಲ್ಕು ಗೊಂಬೆಗಳಿದ್ದವು. 1959ರಲ್ಲಿ ಅಮೆರಿಕದ ರೂತ್ ಹ್ಯಾಂಡ್ಲರ್ ಮಾರುಕಟ್ಟೆಗೆ ತಂದ ಈ ಗೊಂಬೆಯ ಎತ್ತರ 11.5 ಅಂಗುಲ. ಆರರಿಂದ ಗುಣಿಸಿದರೆ 69 ಅಂಗುಲ, ಅಂದರೆ 5 ಅಡಿ 9 ಅಂಗುಲದ ಹೆಣ್ಣುಮಗಳು. ಗಣಿತದ ಮಾಸ್ತರನಿಗೆ ಇಷ್ಟು ಸಾಕಾಯಿತು. ಒಂಬತ್ತು ಗಜದ ಇಳಕಲ್ಲ ಸೀರೆಯನ್ನು ಆರರಿಂದ ಭಾಗಿಸಿ, "ಒಂದೂವರೆ ಗಜ ಉದ್ದ, ಏಳೂವರೆ ಅಂಗುಲ ಅಗಲ. ಕತ್ತರಿಸು" ಎಂದೆ. ಆಕೆ ನಕ್ಕು, "ದೊಡ್ಡಪ್ಪ, ಸೀರಿ ಸಣ್ಣದು ಮಾಡಬಹುದು. ನೂಲು ಸಣ್ಣದು ಮಾಡಾಕ ಬರೂದಿಲ್ಲ" ಎಂದಳು.

ಉತ್ತರ ಸರಿಯಾಗಿತ್ತು. ನನ್ನ ಲೆಕ್ಕದಂತೆ ಉಡಿಸಿದ್ದರೆ ಗೊಂಬೆಯ ಸೊಂಟದ ಸುತ್ತ ನಿರಿಗೆಗಳ ಗಂಟೇ ಕಟ್ಟುತ್ತಿತ್ತು. ಆಕೆ ನನ್ನ ತಾಯಿಯ ಹಳೆಯ ಸೀರೆಯಲ್ಲಿ ಸವೆದು ಮೆತ್ತಗಾದ ಭಾಗವನ್ನೇ ಆರಿಸಿಕೊಂಡಳು. ಒಳಗೆ ಸುತ್ತಿಹೋಗಿ ಕಾಣದ ಬಟ್ಟೆಯನ್ನು ತೆಗೆದುಹಾಕಿ, ಕಾಣುವ ನಿರಿಗೆಗಳಿಗೆ ಮಾತ್ರ ಇಸ್ತ್ರಿ ಹಾಕಿ ಹೊಲಿದಳು. ಗುಳೇದಗುಡ್ಡದ ಖಣದಲ್ಲಿ ಎಲ್ಲಕ್ಕಿಂತ ಚಿಕ್ಕ ಚಿತ್ತಾರವಿರುವ ಜಾಗ ಹುಡುಕಿ ಕುಪ್ಪಸ ಮಾಡಿದಳು. ಮೂಲ ಮುಖದ ಬಣ್ಣವನ್ನು ಅಸಿಟೋನಿನಿಂದ ಅಳಿಸಿ, ಕೂದಲೆಳೆಯಂಥ ಕುಂಚದಿಂದ ಹುಬ್ಬು, ಕಣ್ಣು, ಕುಂಕುಮ ಬರೆದಳು. ಸಂಜೆಯ ವೇಳೆಗೆ ಆ ಪರದೇಶದ ಗೊಂಬೆ ನಮ್ಮ ಓಣಿಯ ಹೆಣ್ಣುಮಗಳಾಗಿತ್ತು.

ಮರುದಿನ ಬೆಳಿಗ್ಗೆ ನಮ್ಮೂರ ದೊಡ್ಡಹುಣಸೆ ಮರಗಳ ಹತ್ತಿರ ಫೋಟೋ ತೆಗೆದೆವು. ಆಕೆ ನೆಲದ ಮೇಲೆ ಬೋರಲು ಮಲಗಿ, ಕ್ಯಾಮೆರಾವನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಿದಳು. ಮೇಲಿನಿಂದ ತೆಗೆದರೆ ಅದು ಆಟಿಕೆ. ಕಣ್ಣಿನ ಮಟ್ಟದಿಂದ ತೆಗೆದರೆ ಮನುಷ್ಯಳು. ಬಿದ್ದಿದ್ದ ಒಣಎಲೆಗಳನ್ನು ನನ್ನಿಂದ ಆರಿಸಿ ತೆಗೆಸಿದಳು, ಏಕೆಂದರೆ ಒಂದೇ ಎಲೆ ಗೊಂಬೆಯ ಅಳತೆಯನ್ನು ಬಯಲು ಮಾಡಿಬಿಡುತ್ತದೆ.

ಇದು ವಿದೇಶಿ ಹುಚ್ಚು ಎನ್ನುವವರಿಗೆ ಒಂದು ಮಾತು. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ಆಷಾಢದ ಮಂಗಳವಾರಗಳಂದು ನಮ್ಮ ಮನೆಗಳಲ್ಲಿ ಗುಳ್ಳವ್ವನನ್ನು ಮಾಡುತ್ತಿದ್ದವರು ಯಾರು? ಮಣ್ಣಿನ ಮೂರ್ತಿಗೆ ಗುಲಗಂಜಿ, ಜೋಳದ ಕಾಳು ಒತ್ತಿ ಆಭರಣ ತೊಡಿಸುವಾಗ ಹುಡುಗಿಯರ ಪಕ್ಕದಲ್ಲಿ ಅಜ್ಜಿಯರೂ ಕುಳಿತಿರುತ್ತಿದ್ದರು. ಅವರ ವಯಸ್ಸನ್ನು ಯಾರೂ ಕೇಳಲಿಲ್ಲ. ಮೈಸೂರು ಸೀಮೆಯಲ್ಲಿ ದಸರೆಗೆ ಪಟ್ಟದ ಗೊಂಬೆಗಳಿಗೆ ಬಟ್ಟೆ ತೊಡಿಸಿ ಕೂರಿಸುವವರೂ ಗೃಹಿಣಿಯರೇ. ಹಬ್ಬದ ಹೆಸರಿದ್ದರೆ ಸಂಪ್ರದಾಯ, ಇಲ್ಲದಿದ್ದರೆ ಹುಡುಗಾಟ ಎಂಬ ತೀರ್ಪು ನ್ಯಾಯವಲ್ಲ.

ನನಗೆ ಆಕ್ಷೇಪಗಳಿಲ್ಲವೆಂದಲ್ಲ. ಬೆಲೆ ಏರಲೆಂದು ಪೆಟ್ಟಿಗೆಯನ್ನೇ ಒಡೆಯದೆ ಗೊಂಬೆಗಳನ್ನು ಕಪಾಟಿನಲ್ಲಿ ತುಂಬುವುದು ನನಗೆ ಹಿಡಿಸದು. ಆ ಅಸಹಜ ತೆಳು ಮೈಕಟ್ಟನ್ನು ನೋಡಿ ಬೆಳೆದ ಹುಡುಗಿಯರು ತಮ್ಮ ಮೈಯನ್ನೇ ಹಳಿದುಕೊಂಡಾರೆಂಬ ಆತಂಕವೂ ಸುಳ್ಳಲ್ಲ. ತಯಾರಕರು ಬೇರೆ ಬೇರೆ ಮೈಕಟ್ಟಿನ ಬಾರ್ಬಿಗಳನ್ನು ತಂದದ್ದು 2016ರಲ್ಲಿ, ಬಹಳ ತಡವಾಗಿ. ಆದರೆ ಕೊಂಡ ಮುಖವನ್ನು ಅಳಿಸಿ ತನ್ನವರ ಮುಖವನ್ನು ಬರೆಯುವವಳು ಆ ಅಚ್ಚಿಗೆ ಉತ್ತರ ಕೊಡುತ್ತಿದ್ದಾಳಲ್ಲವೇ? ಹವ್ಯಾಸವನ್ನು ಅಳೆಯಬೇಕಾದದ್ದು ಕೈಕೆಲಸದಿಂದ, ವಯಸ್ಸಿನಿಂದಲ್ಲ.

ಇನ್ನು ನನ್ನ ತಪ್ಪೊಪ್ಪಿಗೆ. 1994ರ ಸುಮಾರಿಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಪಾಟೀಚೀಲದಲ್ಲಿ ಒಂದು ಪ್ಲಾಸ್ಟಿಕ್ ಗೊಂಬೆ ಸಿಕ್ಕಿತು. ದರ್ಜಿಯ ಅಂಗಡಿಯ ಚಿಂದಿಯಿಂದ ಹೊಲಿದ ಸೀರೆ, ಕುಪ್ಪಸ, ಸೆರಗಿಗೆ ಕುಚ್ಚು ಕೂಡ. ನಾನು ಅದನ್ನು ಇಡೀ ತರಗತಿಗೆ ಎತ್ತಿ ತೋರಿಸಿದೆ. "ಇದೇನು ಬಾಲವಾಡಿಯೇ?" ಎಂದೆ. ಎಲ್ಲರೂ ನಕ್ಕರು. ಗೊಂಬೆ ಕಪಾಟು ಸೇರಿತು. ಆಕೆ ಕೇಳಲು ಬರಲಿಲ್ಲ, ನಾನು ಕರೆದು ಕೊಡಲಿಲ್ಲ. ಮುಂದೆ ನನಗೆ ವರ್ಗವಾಯಿತು, ಗೊಂಬೆ ಏನಾಯಿತೋ ತಿಳಿಯದು. ಪ್ರಮಾಣ ಮತ್ತು ಅನುಪಾತದ ಪಾಠವನ್ನು ನಾನು ಆ ವರ್ಷವೂ ಹಲಗೆಯ ಮೇಲೆ ಬರೆದಿದ್ದೆ. ಅದನ್ನು ಕೈಯಲ್ಲಿ ಮಾಡಿ ತಂದವಳು ಅವಳೊಬ್ಬಳೇ. ಅದು ನನಗೆ ಕಾಣಲಿಲ್ಲ.

ಆ ಕುಚ್ಚಿನ ಗಂಟುಗಳು ಈಗಲೂ ಕಣ್ಣಿಗೆ ಕಟ್ಟಿವೆ. ತಂಗೀ, ನೀನು ಎಲ್ಲಿಯೇ ಇದ್ದು ಇದನ್ನು ಓದಿದರೆ, ನಿನ್ನ ಮಾಸ್ತರನನ್ನು ಕ್ಷಮಿಸು. ಕೈಗೆ ಇನ್ನೂ ಸೂಜಿ ಒಗ್ಗುತ್ತಿದ್ದರೆ, ಇನ್ನೊಂದು ಗೊಂಬೆಗೆ ಸೀರೆ ಉಡಿಸು. ವಯಸ್ಸೇನೂ ಮೀರಿಲ್ಲ.