ಕಂಟೇನರ್ ತುಂಬ ಚೀಲ: ಬಾಳಿಕೆಯ ಲೆಕ್ಕ ಇಡುವವರು ಯಾರು?

2007ರ ಏಪ್ರಿಲ್ 25ರಂದು ಬ್ರಿಟನ್ನಿನ ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್‌ಗಳ ಮುಂದೆ ಜನ ಸಾಲುಗಟ್ಟಿದ್ದರು. ಮಾರಾಟಕ್ಕಿದ್ದುದು ಐದು ಪೌಂಡ್ ಬೆಲೆಯ ಹತ್ತಿಬಟ್ಟೆ ಚೀಲ. ವಿನ್ಯಾಸಕಿ ಅನ್ಯಾ ಹಿಂಡ್‌ಮಾರ್ಚ್ ರೂಪಿಸಿದ ಆ ಚೀಲದ ಮೇಲೆ ‘ನಾನು ಪ್ಲಾಸ್ಟಿಕ್ ಚೀಲವಲ್ಲ’ ಎಂಬರ್ಥದ ಇಂಗ್ಲಿಷ್ ಒಕ್ಕಣೆಯಿತ್ತು. 20 ಸಾವಿರ ಚೀಲಗಳು ನೋಡನೋಡುತ್ತಿದ್ದಂತೆ ಖಾಲಿಯಾದವು. ಪತ್ರಿಕೆಗಳು ಅದರ ಜಾತಕ ಬಿಡಿಸಲು ಹೆಚ್ಚು ಸಮಯ ಬೇಕಾಗಲಿಲ್ಲ. ಚೀಲ ತಯಾರಾದದ್ದು ಚೀನಾದಲ್ಲಿ, ಹತ್ತಿ ಸಾವಯವದ್ದಲ್ಲ, ಫೇರ್‌ಟ್ರೇಡ್ ಮುದ್ರೆಯೂ ಇಲ್ಲ. ಪರಿಸರದ ಹೆಸರಿನ ಚೀಲ ಸಮುದ್ರ ದಾಟಿ ಬರಬೇಕೇ ಎಂದು ದೊಡ್ಡ ಚರ್ಚೆ ನಡೆಯಿತು.

ಚೀನಾದಲ್ಲಿ ಹೊಲಿಸಿದ್ದು ನನಗೆ ಅಂಥ ಅಪರಾಧವಾಗಿ ಕಾಣುವುದಿಲ್ಲ. ಹಡಗಿನಲ್ಲಿ ಬರುವ ಒಂದು ಚೀಲದ ಪಾಲಿಗೆ ಸಾಗಣೆಯ ಇಂಧನ ಬೀಳುವುದು ಅತ್ಯಲ್ಪ. ಆಗ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆ ಬೇರೆ: ಎಷ್ಟು ಚೀಲ, ಮತ್ತು ಒಂದೊಂದು ಎಷ್ಟು ಸಲ ಬಳಕೆಯಾದೀತು? ಅದೇ ಪ್ರಶ್ನೆಯನ್ನು ಈಗ ನಮ್ಮ ಜವಳಿ ಅಂಗಡಿಗಳು, ಮದುವೆ ಮನೆಗಳು, ಸಹಕಾರ ಸಂಘಗಳು, ಐಟಿ ಕಂಪನಿಗಳು ಕೇಳಿಕೊಳ್ಳಬೇಕಾಗಿದೆ. ಏಕೆಂದರೆ ಹೆಸರು, ಲಾಂಛನ, ಮನೆದೇವರ ಚಿತ್ರ ಯಾವುದು ಬೇಕೋ ಅದನ್ನು ಅಚ್ಚು ಹಾಕಿಸಿ ವಿದೇಶದ ಕಾರ್ಖಾನೆಯಿಂದಲೇ ಚೀಲ ತರಿಸಿಕೊಳ್ಳುವುದು ಇಂದು ಫೋನಿನಲ್ಲಿ ಮುಗಿಯುವ ಕೆಲಸ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು–ರಫ್ತು ಕೋಡ್ ಪಡೆಯಲು ಶುಲ್ಕ ಕೇವಲ ₹500. ಚೀನಾದ ಜೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ಸುತ್ತಮುತ್ತ ಚೀಲ ತಯಾರಿಕೆ ಮತ್ತು ಮುದ್ರಣದ ಕಾರ್ಖಾನೆಗಳು ಒತ್ತೊತ್ತಾಗಿ ನೆಲೆಸಿವೆ. ಕೊಟೇಶನ್ ಕೇಳಿದರೆ ಉತ್ತರ ಬರಲು ತಡವಾಗುವುದಿಲ್ಲ.

ಉತ್ತರದ ಜೊತೆಗೆ ಒಂದು ಷರತ್ತೂ ಬರುತ್ತದೆ: ಕನಿಷ್ಠ ಆರ್ಡರ್. ಇಡೀ ವ್ಯವಹಾರದ ಗುಟ್ಟು ಇರುವುದು ಇಲ್ಲಿ. ನಾವು ‘ಬಟ್ಟೆ ಚೀಲ’ ಎಂದು ಕರೆಯುವ ನಾನ್‌ವೋವನ್ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಅದರಲ್ಲಿ ನೇಯ್ಗೆ ಇಲ್ಲ. ಪ್ಲಾಸ್ಟಿಕ್ ಹರಳನ್ನು ಕರಗಿಸಿ, ಎಳೆ ತೆಗೆದು, ಹಾಸಿ, ಬಿಸಿಯಲ್ಲಿ ಒತ್ತಿದ ಹಾಳೆ ಅದು. ಬಣ್ಣವನ್ನು ಸೇರಿಸುವುದು ಹರಳಿನ ಹಂತದಲ್ಲೇ. ನಿಮ್ಮ ಅಂಗಡಿಯ ಬೋರ್ಡಿಗೆ ಹೊಂದುವ ಕುಂಕುಮ ಬಣ್ಣವೇ ಬೇಕೆಂದರೆ ಇಡೀ ಯಂತ್ರವನ್ನು ನಿಮಗಾಗಿ ತೊಳೆದು ಓಡಿಸಬೇಕು. ಬಹುವರ್ಣದ ಹೊಳೆಯುವ ಮುದ್ರಣವಾದರೆ ಬಣ್ಣಕ್ಕೊಂದರಂತೆ ಸಿಲಿಂಡರ್ ಕೆತ್ತಿಸಬೇಕು. ಈ ಖರ್ಚು 500 ಚೀಲಕ್ಕೂ ಅಷ್ಟೇ, 50 ಸಾವಿರಕ್ಕೂ ಅಷ್ಟೇ. ಹಾಗಾಗಿ ಸಂಖ್ಯೆ ಏರಿದಷ್ಟೂ ದರ ಇಳಿಯುತ್ತದೆ.

ಗಾತ್ರವನ್ನು ಕಣ್ಣಿಗೆ ಕಟ್ಟಿಸಿಕೊಳ್ಳಲು ಒಂದು ಲೆಕ್ಕ. 35 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ, 10 ಸೆಂ.ಮೀ. ಮಗ್ಗುಲಿರುವ ಬಾಕ್ಸ್ ಬ್ಯಾಗಿಗೆ ಹಿಡಿಕೆ, ಮಡಿಕೆ ಸೇರಿ 0.42 ಚದರ ಮೀಟರ್‌ನಷ್ಟು ಹಾಳೆ ಬೇಕು. ಚದರ ಮೀಟರಿಗೆ 80 ಗ್ರಾಂ ತೂಗುವ, ಅಂದರೆ 80 ಜಿಎಸ್‌ಎಂ ಹಾಳೆಯಾದರೆ ಚೀಲದ ತೂಕ ಸುಮಾರು 34 ಗ್ರಾಂ. ಒಂದು ಟನ್ ಹಾಳೆಗೆ ಸರಿಸುಮಾರು 30 ಸಾವಿರ ಚೀಲ. ಜಿಲ್ಲಾ ಕೇಂದ್ರದ ಮಧ್ಯಮ ಗಾತ್ರದ ಜವಳಿ ಅಂಗಡಿಯೊಂದು ಇಷ್ಟನ್ನು ಖರ್ಚು ಮಾಡುವ ಬಗೆ ಯಾವುದು? ರುಮಾಲು ಕೊಂಡವರಿಗೂ ಒಂದು ಚೀಲ, ಸೀರೆ ಕೊಂಡವರಿಗೆ ಎರಡು. ಮದುವೆಯಾದರೆ ತಾಂಬೂಲಕ್ಕೆ ಬಂದವರಿಗೆಲ್ಲ ಒಂದೊಂದು, ಉಳಿದದ್ದು ಅಟ್ಟಕ್ಕೆ. ಮರುಬಳಕೆಯ ಚೀಲದ ಉದ್ದೇಶ ಕಡಿಮೆ ಚೀಲ, ಹೆಚ್ಚು ಬಳಕೆ. ನೇರ ಆಮದಿನ ಲಾಭ ಇರುವುದು ಹೆಚ್ಚು ಚೀಲದಲ್ಲಿ. ಈ ಎರಡೂ ಒಂದಕ್ಕೊಂದು ಎದುರು ನಿಂತಿವೆ. ‘ಮಧ್ಯವರ್ತಿ ಬೇಡ, ಕಾರ್ಖಾನೆಯ ದರವೇ ನಿಮಗೆ’ ಎಂಬ ಜಾಹೀರಾತು ಈ ವಿಷಯವನ್ನು ಎಂದೂ ಹೇಳುವುದಿಲ್ಲ.

ಇದರ ಫಲವನ್ನು ಬೇರೆ ದೇಶಗಳು ಈಗಾಗಲೇ ಉಂಡಿವೆ. ಬ್ರಿಟನ್ನಿನಲ್ಲಿ ‘ಬ್ಯಾಗ್ ಫಾರ್ ಲೈಫ್’ ಎಂಬ ದಪ್ಪ ಚೀಲಗಳಿವೆ. ಹೆಸರೇ ಹೇಳುವಂತೆ ಜೀವಮಾನದ ಚೀಲ. ಗ್ರೀನ್‌ಪೀಸ್ ಮತ್ತು ಎನ್ವಿರಾನ್‌ಮೆಂಟಲ್ ಇನ್‌ವೆಸ್ಟಿಗೇಶನ್ ಏಜೆನ್ಸಿ 2019ರಲ್ಲಿ ಕೊಟ್ಟ ವರದಿಯ ಪ್ರಕಾರ ಅಲ್ಲಿ ವರ್ಷಕ್ಕೆ 150 ಕೋಟಿ ಇಂಥ ಚೀಲಗಳು ಮಾರಾಟವಾಗುತ್ತಿದ್ದವು, ಮನೆಯೊಂದಕ್ಕೆ 54ರಂತೆ. ವರ್ಷಕ್ಕೆ ಐವತ್ತನಾಲ್ಕು ಜೀವಮಾನ! ಅಮೆರಿಕದ ನ್ಯೂಜೆರ್ಸಿ 2022ರ ಮೇ ತಿಂಗಳಲ್ಲಿ ತೆಳು ಚೀಲಗಳನ್ನು ನಿಷೇಧಿಸಿದ ಮೇಲೆ, ಮನೆಬಾಗಿಲಿಗೆ ದಿನಸಿ ತರಿಸಿಕೊಳ್ಳುವವರ ಮನೆಯಲ್ಲಿ ಪ್ರತಿ ಆರ್ಡರಿನೊಂದಿಗೆ ಬಂದ ಹೊಸ ಹೊಸ ದಪ್ಪ ಚೀಲಗಳು ಗುಡ್ಡೆಬಿದ್ದವು. ಕ್ಯಾಲಿಫೋರ್ನಿಯಾ ಮರುಬಳಕೆಗೆ ಒಂದು ಅಳತೆಗೋಲನ್ನೇ ಕಟ್ಟಿತ್ತು. 22 ಪೌಂಡ್, ಅಂದರೆ ಸುಮಾರು 10 ಕಿಲೊ ಭಾರವನ್ನು 175 ಅಡಿ ದೂರಕ್ಕೆ, ಕನಿಷ್ಠ 125 ಸಲ ಹೊರಬಲ್ಲದ್ದಷ್ಟೇ ಮರುಬಳಕೆಯ ಚೀಲ. ದಪ್ಪ ಪ್ಲಾಸ್ಟಿಕ್ ಚೀಲ ಆ ಪರೀಕ್ಷೆಯಲ್ಲಿ ಪಾಸಾಯಿತು, ಜನ ಮಾತ್ರ ಅದನ್ನೂ ಒಂದೇ ಸಲ ಬಳಸಿ ಎಸೆದರು. ಕೊನೆಗೆ 2024ರಲ್ಲಿ ಅಲ್ಲಿ ಇನ್ನೊಂದು ಕಾನೂನು ತಂದು, 2026ರಿಂದ ಅಂಗಡಿಯ ಕೌಂಟರಿನಲ್ಲಿ ಪ್ಲಾಸ್ಟಿಕ್ ಚೀಲ ಕೊಡುವುದನ್ನೇ ನಿಲ್ಲಿಸಬೇಕಾಯಿತು.

ನಮ್ಮ ಕಾನೂನು ಆ ಮಟ್ಟದ ಪ್ರಶ್ನೆಯನ್ನೂ ಕೇಳುತ್ತಿಲ್ಲ. ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ 2021ರ ತಿದ್ದುಪಡಿಯ ಪ್ರಕಾರ ನಾನ್‌ವೋವನ್ ಚೀಲ ಕನಿಷ್ಠ 60 ಜಿಎಸ್‌ಎಂ ಇರಬೇಕು, ಸಾದಾ ಪ್ಲಾಸ್ಟಿಕ್ ಚೀಲ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಇರಬೇಕು. ಎರಡೂ ವಸ್ತುವಿನ ಅಳತೆ. ಹಿಡಿಕೆಯನ್ನು ಹೊಲಿದಿದ್ದಾರೆಯೇ, ಬಿಸಿಯಲ್ಲಿ ಅಂಟಿಸಿ ಬಿಟ್ಟಿದ್ದಾರೆಯೇ ಎಂದು ಯಾರೂ ನೋಡುವುದಿಲ್ಲ. ಚೀಲ ಸಾಮಾನ್ಯವಾಗಿ ಕೈಕೊಡುವುದು ಹಿಡಿಕೆಯ ಬುಡದಲ್ಲಿ, ಹಾಳೆಯ ನಡುವೆ ಅಲ್ಲ. ಡಿ–ಕಟ್ ಚೀಲವನ್ನು ಎರಡು ಕಿಲೊ ಸಕ್ಕರೆ, ಒಂದು ತೆಂಗಿನಕಾಯಿಯೊಂದಿಗೆ ಬಸ್‌ ನಿಲ್ದಾಣದವರೆಗೆ ಒಯ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನು ಕರ್ನಾಟಕದಲ್ಲಿ ಈ 60 ಜಿಎಸ್‌ಎಂ ಲೆಕ್ಕವೇ ಅನುಮಾನದ್ದು. 2016ರ ಮಾರ್ಚ್ 11ರ ರಾಜ್ಯ ಅಧಿಸೂಚನೆ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿದೆ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಎಂಬುದರಲ್ಲಿ ವಿವಾದವಿಲ್ಲ. ಕೇಂದ್ರದ ನಿಯಮ ನಂಬಿಕೊಂಡು ಕಂಟೇನರ್ ತರಿಸಿದ ವ್ಯಾಪಾರಿ ರಾಜ್ಯದ ಅಧಿಸೂಚನೆಗೆ ಸಿಕ್ಕಿಬೀಳಬಹುದು.

ಸಿಕ್ಕಿಬಿದ್ದರೆ ಹೊಣೆ ಯಾರದು? ನೇರ ಖರೀದಿಯಲ್ಲಿ ಕೈಬಿಟ್ಟು ಹೋಗುವ ಮಧ್ಯವರ್ತಿ ತನ್ನ ಕಮಿಷನ್ನಿನ ಜೊತೆಗೆ ತನ್ನ ಜವಾಬ್ದಾರಿಯನ್ನೂ ನಮ್ಮ ತಲೆಗೆ ಕಟ್ಟಿ ಹೋಗಿರುತ್ತಾನೆ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಆಮದುದಾರನೂ ಉತ್ಪಾದಕನಂತೆಯೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ತಂದಷ್ಟು ಪ್ಲಾಸ್ಟಿಕ್ಕಿನ ವಿಲೇವಾರಿಗೆ ಲೆಕ್ಕ ಕೊಡಬೇಕು. ಬಣ್ಣ ಭಾರತೀಯ ಮಾನಕ ಐಎಸ್ 9833ಕ್ಕೆ ಹೊಂದಬೇಕು. ಜವಳಿ ಅಂಗಡಿಯ ಮಾಲೀಕರಲ್ಲಿ ಎಷ್ಟು ಮಂದಿ ವೆನ್‌ಝೌ ಕಾರ್ಖಾನೆಗೆ ಈ ಸಂಖ್ಯೆಯನ್ನು ಬರೆದು ಕಳಿಸಿಯಾರು?

ಬಣ್ಣದ ವಿಚಾರ ಕೇವಲ ಕಾಗದದ್ದಲ್ಲ. 2010ರಲ್ಲಿ ಅಮೆರಿಕದ ವೆಗ್‌ಮನ್ಸ್ ಮಳಿಗೆ ಸರಣಿ 7.25 ಲಕ್ಷ ಮರುಬಳಕೆಯ ಚೀಲಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಗ್ರಾಹಕ ಸಂಘಟನೆಯೊಂದರ ಪರೀಕ್ಷೆಯಲ್ಲಿ ಅವುಗಳಲ್ಲಿ ಸೀಸದ ಅಂಶ ಮಿತಿಮೀರಿರುವುದು ಕಂಡುಬಂದಿತ್ತು. ಅದೇ ವರ್ಷ ಫ್ಲಾರಿಡಾದ ಪತ್ರಿಕೆಯೊಂದು ಇತರ ಅಂಗಡಿಗಳ ಚೀಲಗಳನ್ನು ಪರೀಕ್ಷೆ ಮಾಡಿಸಿದಾಗಲೂ ಸೀಸ ಸಿಕ್ಕಿತು. ಸೆನೆಟರ್ ಚಕ್ ಶೂಮರ್ ಚೀನಾದಿಂದ ಬರುವ ಚೀಲಗಳ ತನಿಖೆಗೆ ಒತ್ತಾಯಿಸಿದರು. ಅಷ್ಟು ದೊಡ್ಡ ಖರೀದಿ ವಿಭಾಗ, ಪ್ರಯೋಗಾಲಯ, ವಕೀಲರು ಇರುವ ಕಂಪನಿಗಳೇ ಎಡವಿದ ಕಡೆ ಚಿಕ್ಕಪೇಟೆಯ ವ್ಯಾಪಾರಿ ಸ್ಯಾಂಪಲ್ ಚೀಲವನ್ನು ಕೈಯಲ್ಲಿ ಎಳೆದು ನೋಡಿ ಆರ್ಡರ್ ಕೊಡುತ್ತಾನೆ. ಅದರಲ್ಲಿ ಸೊಪ್ಪು, ಹಣ್ಣು, ಪ್ರಸಾದ ತುಂಬುವವರು ಗ್ರಾಹಕರು.

ದುಡ್ಡಿನ ಲೆಕ್ಕವೂ ಮೊದಲ ನೋಟಕ್ಕೆ ಕಂಡಷ್ಟು ಸಲೀಸಲ್ಲ. ಕಾರ್ಖಾನೆ ಹೇಳುವ ದರ ಸಾಮಾನ್ಯವಾಗಿ ಅಲ್ಲಿನ ಬಂದರಿನದು. ಅಲ್ಲಿಂದ ಚೆನ್ನೈಗೆ ಹಡಗು ಬಾಡಿಗೆ, ಚೆನ್ನೈನಿಂದ ವೈಟ್‌ಫೀಲ್ಡ್ ಕಂಟೇನರ್ ಡಿಪೊಗೆ ಸಾಗಣೆ, ಏಜೆಂಟರ ಶುಲ್ಕ, ಕಾಗದಪತ್ರ ತಡವಾದರೆ ದಿನದ ಲೆಕ್ಕದ ದಂಡ. ಮೇಲೆ ಸೀಮಾ ಸುಂಕ, ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಸರ್‌ಚಾರ್ಜ್, ಇಷ್ಟರ ಒಟ್ಟು ಮೊತ್ತದ ಮೇಲೆ ಐಜಿಎಸ್‌ಟಿ. ಜಿಎಸ್‌ಟಿ ವಾಪಸ್ ಸಿಗುತ್ತದಲ್ಲ ಎನ್ನುವವರು ಕಲಂ 17(5) ಓದಿಕೊಳ್ಳುವುದು ಒಳಿತು: ಉಡುಗೊರೆಯಾಗಿ ಹಂಚಿದ ಸರಕಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಪಾವತಿಯ ರೂಢಿ ಮುಂಗಡ ಶೇ 30, ಹಡಗೇರುವ ಮುನ್ನ ಶೇ 70. ಸರಕು ಕೈಗೆ ಬರುವ ಹೊತ್ತಿಗೆ ಪೂರ್ತಿ ಹಣ ಅವರ ಕೈಯಲ್ಲಿ. 80 ಜಿಎಸ್‌ಎಂ ಎಂದು ಒಪ್ಪಿ 70ರ ಹಾಳೆ ಕಳಿಸಿದರೆ ಚೀಲವೊಂದಕ್ಕೆ ನಾಲ್ಕು ಗ್ರಾಂ ಕಡಿಮೆ. ಬೆರಳಿಗೆ ಗೊತ್ತಾಗದ ಈ ನಾಲ್ಕು ಗ್ರಾಂ 30 ಸಾವಿರ ಚೀಲದಲ್ಲಿ 120 ಕಿಲೊ ಆಗುತ್ತದೆ. ಮೂರನೆಯವರಿಂದ ತಪಾಸಣೆ ಮಾಡಿಸದೆ ಅಂತಿಮ ಕಂತು ಕಟ್ಟಿದವರು ನಂತರ ದೂರು ಕೊಡಲು ಹೋಗುವ ಜಾಗ ಯಾವುದೂ ಇಲ್ಲವೆಂದೇ ಹೇಳಬೇಕು. ಒಪ್ಪಂದದಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯ ಕಲಂ ಇರಬಹುದು, ಆದರೆ ಕೆಲವು ಲಕ್ಷದ ವ್ಯಾಜ್ಯಕ್ಕೆ ಅದರ ಖರ್ಚೇ ಹೆಚ್ಚು.

ಇನ್ನೊಂದು ತೊಡಕನ್ನು ನಾವೇ ಮಾಡಿಕೊಂಡಿದ್ದೇವೆ. ಚೀಲಕ್ಕೆ ಹಣ ಕೇಳಿದರೆ ಗ್ರಾಹಕ ನ್ಯಾಯಾಲಯ ಅಂಗಡಿಯ ಕಿವಿ ಹಿಂಡುತ್ತದೆ. 2019ರಲ್ಲಿ ಚಂಡೀಗಡದಲ್ಲಿ ಬಾಟಾ ಕಂಪನಿಗೆ ಮೂರು ರೂಪಾಯಿ ಚೀಲದ ವಿಚಾರವಾಗಿ ದಂಡ ಬಿತ್ತು. 2020ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಬಿಗ್ ಬಜಾರಿಗೆ, ಮೊದಲೇ ತಿಳಿಸದೆ ಕೌಂಟರಿನಲ್ಲಿ ಚೀಲಕ್ಕೆ ದುಡ್ಡು ಹಾಕುವುದನ್ನು ನಿಲ್ಲಿಸಲು ಹೇಳಿತು. 2023ರಲ್ಲಿ ಬೆಂಗಳೂರಿನ ಗ್ರಾಹಕ ಆಯೋಗ ಲಾಂಛನವಿರುವ ಚೀಲಕ್ಕೆ ₹20 ಪಡೆದ ಐಕಿಯಾಗೆ, ಹಣ ಮರಳಿಸಿ ಪರಿಹಾರವನ್ನೂ ಕೊಡುವಂತೆ ಆದೇಶಿಸಿತು. ನಿಮ್ಮ ಜಾಹೀರಾತನ್ನು ಗ್ರಾಹಕ ದುಡ್ಡು ಕೊಟ್ಟು ಏಕೆ ಹೊರಬೇಕು ಎಂಬ ವಾದದಲ್ಲಿ ಹುರುಳಿದೆ. ಪರಿಣಾಮ ಮಾತ್ರ ಉಲ್ಟಾ. ಪುಕ್ಕಟೆ ಕೊಡಬೇಕಾದ ಚೀಲವನ್ನು ಅಂಗಡಿಯವರು ಸಾಧ್ಯವಾದಷ್ಟು ಅಗ್ಗವಾಗಿ, ಸಾಧ್ಯವಾದಷ್ಟು ಹೆಚ್ಚಾಗಿ ತರಿಸುತ್ತಾರೆ. ಪುಕ್ಕಟೆ ಬಂದದ್ದನ್ನು ಮರುದಿನ ಕೈಯಲ್ಲಿ ಹಿಡಿದು ಸಂತೆಗೆ ಹೋಗುವವರು ಕಡಿಮೆ.

ಹಾಗಾದರೆ ಹತ್ತಿ, ಸೆಣಬು? ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸಾಮಾನ್ಯ ಹತ್ತಿ ಚೀಲ ಹವಾಮಾನದ ದೃಷ್ಟಿಯಿಂದ ತನ್ನ ಋಣ ತೀರಿಸಲು 52 ಸಲ ಬಳಕೆಯಾಗಬೇಕು, ನಾನ್‌ವೋವನ್ ಆರು ಸಲ. ಎಲ್ಲ ಮಾನದಂಡ ಹಿಡಿದರೆ ಹತ್ತಿಗೆ 7,100 ಸಲ ಎಂಬ ಅಂಕಿಯೂ ಅದರಲ್ಲಿದೆ. ಪ್ಲಾಸ್ಟಿಕ್ ಉದ್ಯಮಕ್ಕೆ ಬಲು ಪ್ರಿಯವಾದ ಅಂಕಿ ಇದು. ಆದರೆ ಆ ಅಧ್ಯಯನ ಚೀಲ ಮೋರಿಗೆ, ಕೆರೆಗೆ, ದನದ ಹೊಟ್ಟೆಗೆ ಸೇರುವುದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಕೋಪನ್‌ಹೇಗನ್ನಿಗೆ ಸರಿಹೋಗುವ ಲೆಕ್ಕ ಕಲಬುರಗಿಗೆ ಸರಿಹೋಗುವುದಿಲ್ಲ. ಆದರೂ 52 ಎಂಬುದು ನೆನಪಿಡಬೇಕಾದ ಸಂಖ್ಯೆಯೇ. ವಾರಕ್ಕೊಂದು ಸಲ ಸಂತೆಗೆ ಒಯ್ದರೆ ಒಂದು ವರ್ಷ. ಅಷ್ಟು ಬಾಳಬೇಕಾದರೆ ಹೊಲಿಗೆ ಗಟ್ಟಿ ಇರಬೇಕು, ಚೀಲ ಒಗೆಯುವಂತಿರಬೇಕು. ಸೆಣಬಿನ ವಿಚಾರದಲ್ಲಿ ಬಾಂಗ್ಲಾದೇಶದ ಅಗ್ಗದ ದಾರಿಯೂ ಈಗ ಸುಲಭದ್ದಲ್ಲ. 2017ರಿಂದ ಅಲ್ಲಿನ ಸೆಣಬಿನ ಸರಕಿಗೆ ಆ್ಯಂಟಿ–ಡಂಪಿಂಗ್ ಸುಂಕವಿದೆ. 2025ರಲ್ಲಿ ಭಾರತ ಭೂಗಡಿಯ ಮೂಲಕ ಅದರ ಆಮದನ್ನು ತಡೆದು ನ್ಹಾವಾ ಶೇವಾ ಬಂದರಿಗೆ ಸೀಮಿತಗೊಳಿಸಿತು.

ಸ್ಥಳೀಯ ಎಂದೊಡನೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆ ಕೈಮಗ್ಗದ, ನೈಸರ್ಗಿಕ ಬಣ್ಣದ ಬಟ್ಟೆಗೆ ಹೆಸರಾದದ್ದು. ಅಂಥದ್ದೇ 2020ರಲ್ಲಿ ದಿವಾಳಿಯಾಗಿರುವುದಾಗಿ ಘೋಷಿಸಿಕೊಳ್ಳಬೇಕಾಯಿತು. ಕಂಟೇನರ್ ದರದೊಂದಿಗೆ ಮಗ್ಗ ಸ್ಪರ್ಧಿಸಲಾರದು, ಸ್ತ್ರೀಶಕ್ತಿ ಸಂಘದ ಹೊಲಿಗೆ ಯಂತ್ರವೂ ಸ್ಪರ್ಧಿಸಲಾರದು. ಅವು ಕೊಡಬಲ್ಲದ್ದು ಒಂದೇ: 200 ಚೀಲ ಬೇಕೆಂದರೆ 200 ಹೊಲಿದುಕೊಡುತ್ತವೆ, ಹಿಡಿಕೆ ಕಿತ್ತರೆ ಮತ್ತೆ ಹಾಕಿಕೊಡುತ್ತವೆ. ತಮಿಳುನಾಡು 2021ರ ಡಿಸೆಂಬರಿನಲ್ಲಿ ಹಳದಿ ಬಟ್ಟೆ ಚೀಲದ ‘ಮೀಂಡುಂ ಮಂಜಪ್ಪೈ’ ಅಭಿಯಾನ ಶುರು ಮಾಡಿ, ಚೀಲ ಕೊಡುವ ಯಂತ್ರಗಳನ್ನು ಮಾರುಕಟ್ಟೆಯಲ್ಲಿಟ್ಟಿತು. ಚೀಲಕ್ಕೆ ಬೆಲೆ ಹತ್ತು ರೂಪಾಯಿ. ನಮ್ಮ ಕಡೆಯೂ ಒಂದು ಕಾಲಕ್ಕೆ ವಧೂವರರ ಹೆಸರು ಅಚ್ಚಾದ ಅದೇ ಹಳದಿ ಚೀಲ ಮನೆಮನೆಯ ಗೂಟದಲ್ಲಿ ವರ್ಷಗಟ್ಟಲೆ ನೇತಾಡುತ್ತಿತ್ತು.

ವಿದೇಶದಿಂದ ತರಿಸುವುದೇ ತಪ್ಪೆಂದು ಸಾರುವುದರಲ್ಲಿ ಅರ್ಥವಿಲ್ಲ. ನಿಜಕ್ಕೂ ಲಕ್ಷ ಚೀಲದ ಅಗತ್ಯವಿರುವ, ಪರೀಕ್ಷಾ ವರದಿ ಓದಬಲ್ಲ ಸಂಸ್ಥೆಗಳು ತರಿಸಲಿ. ದರಕ್ಕಿಂತ ಮೊದಲು ಹಿಡಿಕೆಯ ಹೊಲಿಗೆ, ಹಾಳೆಯ ತೂಕ, ಬಣ್ಣದ ಮಾನಕ ಈ ಮೂರನ್ನು ಖರೀದಿ ಪತ್ರದಲ್ಲಿ ಬರೆಸಲಿ. ಉಳಿದವರು, ಅಂದರೆ ಬಹುತೇಕ ಅಂಗಡಿಗಳು ಮತ್ತು ಎಲ್ಲ ಮದುವೆ ಮನೆಗಳು, ಊರಿನ ದರ್ಜಿಯಲ್ಲಿ ಬೇಕಾದಷ್ಟೇ ಹೊಲಿಸಲಿ. ಸರ್ಕಾರ ಮಾಡಬೇಕಾದದ್ದು ಎರಡು ಕೆಲಸ. ಜಿಎಸ್‌ಎಂ ಜೊತೆಗೆ ಭಾರ ಮತ್ತು ಬಳಕೆಯ ಪರೀಕ್ಷೆಯನ್ನೂ ನಿಯಮದಲ್ಲಿ ಸೇರಿಸಬೇಕು. ರಾಜ್ಯದ ಅಧಿಸೂಚನೆ ನಾನ್‌ವೋವನ್ ಚೀಲಕ್ಕೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬುದನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ವ್ಯಾಪಾರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದು ಪ್ರಕಟಿಸಬೇಕು. ಆಮದುದಾರನ ಹೆಸರು ಮತ್ತು ನೋಂದಣಿ ಸಂಖ್ಯೆ ಇಲ್ಲದ ಚೀಲಗಳನ್ನು ತಡೆಯಲು ತರಕಾರಿ ಗಾಡಿಯವರ ಮೇಲೆ ದಾಳಿ ಮಾಡಬೇಕಾಗಿಲ್ಲ, ವೈಟ್‌ಫೀಲ್ಡ್ ಡಿಪೊದಲ್ಲಿ ಕಂಟೇನರಿನ ಬಾಗಿಲು ತೆರೆದಾಗಲೇ ಅದು ಸಾಧ್ಯ.